ಅನುದಾನವೂ ಬಿತ್ತುವಟ್ಟವೂ: ಊರಿನ ನೈರ್ಮಲ್ಯದ ಒಂದು ವಿವೇಚನೆ

‘ಅನುದಾನ’ ಎಂಬ ಶಬ್ದ ವಿದ್ಯಾಸಂಸ್ಥೆಗಳಿಗೆ ಚಿರಪರಿಚಿತವಾದುದು. ಅನುದಾನಿತ ಶಾಲೆಯಲ್ಲಿ ನಿವೇಶನ, ಕಟ್ಟಡ, ಪೀಠೋಪಕರಣಗಳ ಹೊಣೆ ಆಡಳಿತ ಮಂಡಳಿಯದು. ಅದಕ್ಕೆ ದಾನಿಗಳ ನೆರವು ಒದಗುತ್ತದೆ. ಅಧ್ಯಾಪಕರ ವೇತನದ ಹೊಣೆ ಸರ್ಕಾರದ್ದು. ಕಟ್ಟುವವರು ಜನ, ನಡೆಸಲು ನೆರವಾಗುವುದು ಸರ್ಕಾರ ಎಂಬುದು ಇಲ್ಲಿನ ಕ್ರಮ. ಆದರೆ ಊರಿನ ಕಸವನ್ನು ಸಂಗ್ರಹಿಸಿ, ವಿಂಗಡಿಸಿ, ಮರುಬಳಕೆಗೆ ಒದಗಿಸುವ ಕಾರ್ಯಕ್ಕಾಗಿ ದೊರೆಯುವ ಅನುದಾನದ ಕ್ರಮ ಇದಕ್ಕೆ ತೀರ ವಿಪರ್ಯಸ್ತವಾದುದು. ಅಲ್ಲಿ ಕಟ್ಟಡ, ವಾಹನ, ಯಂತ್ರಗಳಿಗೆ ಸರ್ಕಾರದ ಹಣ; ಅವುಗಳನ್ನು ದಿನದಿನವೂ ನಡೆಸುವ ಭಾರ ಬಹುಮಟ್ಟಿಗೆ ಊರಿನವರದು. ಈ ವ್ಯತ್ಯಾಸವನ್ನು ಅರಿಯದೆ, ‘ಅನುದಾನ ಬಂದಿತು, ಇನ್ನು ಊರು ಶುಚಿಯಾಗುತ್ತದೆ’ ಎಂದು ನಂಬಿದ ಕಡೆಗಳಲ್ಲೆಲ್ಲ ನಿರಾಶೆಯೇ ಫಲವಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಅನುದಾನದ ಸ್ವರೂಪವನ್ನೂ ಮಿತಿಯನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಸವೆಂಬುದು ಈ ನಾಡಿಗೆ ಹೊಸದಲ್ಲ; ಹೊಸದಾದುದು ಕಸದ ಗುಣ. ಹಿಂದೆ ಪ್ರತಿ ಮನೆಗೂ ಒಂದು ತಿಪ್ಪೆಯಿತ್ತು. ಸಗಣಿ, ಬೂದಿ, ಮುಸುರೆ, ತರಗೆಲೆ, ರಾಗಿಯ ಹೊಟ್ಟು ಎಲ್ಲವೂ ತಿಪ್ಪೆಗೆ ಸೇರಿ, ಕಾಲಕ್ಕೆ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿದ್ದವು. ಈ ಸೀಮೆಯ ಕಸುಬುಗಳೂ ಅದೇ ಮಿತವ್ಯಯವನ್ನು ಬಲ್ಲವು. ರಾಮನಗರದ ಮಾರುಕಟ್ಟೆಗೆ ಬಂದ ರೇಷ್ಮೆಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಹುಳು ಕೋಳಿ ಮೀನುಗಳಿಗೆ ಆಹಾರವಾಗುತ್ತದೆ. ಬಿಚ್ಚಲಾಗದ ಎಳೆಯೂ ವ್ಯರ್ಥವಲ್ಲ. ಅಂತಹ ರೇಷ್ಮೆ ತ್ಯಾಜ್ಯದಿಂದಲೇ ನೂಲು ತೆಗೆಯುವ ಗಿರಣಿಯೊಂದು ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಚನ್ನಪಟ್ಟಣದಲ್ಲಿ ಸ್ಥಾಪಿತವಾಗಿತ್ತು. ಹೀಗೆ ಮರುಬಳಕೆಯ ತತ್ತ್ವ ಹೊರಗಿನಿಂದ ಬಂದ ಉಪದೇಶವಲ್ಲ.

ಈ ವ್ಯವಸ್ಥೆಯನ್ನು ಕೆಡಿಸಿದುದು ಪ್ಲಾಸ್ಟಿಕ್. ಅದು ಕೊಳೆಯುವುದಿಲ್ಲವಾದ್ದರಿಂದ ತಿಪ್ಪೆಗೆ ಸಲ್ಲದು. ತಿಪ್ಪೆಯಲ್ಲಿ ಬೆರೆತರೆ ಗೊಬ್ಬರವನ್ನೇ ಕೆಡಿಸಿ, ಹಿಪ್ಪುನೇರಳೆಯ ತೋಟದವರೆಗೆ ಹಿಂಬಾಲಿಸುತ್ತದೆ. ಬೀದಿಗೆ ಬಿದ್ದರೆ ದನಗಳ ಹೊಟ್ಟೆ ಸೇರುತ್ತದೆ. ಸುಟ್ಟರೆ ವಿಷದ ಹೊಗೆ. ಚರಂಡಿಗೆ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ದಾಟಿ ರಾಮನಗರಕ್ಕೆ ಬರುವ ಅರ್ಕಾವತಿ, ಕನಕಪುರದ ಮೂಲಕ ಹರಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಆದುದರಿಂದ ಮೇಲಿನ ಊರಿನವರು ಎಸೆದದ್ದು ಕೆಳಗಿನ ಊರಿನವರ ಪಾಲಿಗೆ ಬರುವುದು ಅನಿವಾರ್ಯ. ಇದಲ್ಲದೆ ಸಾವನದುರ್ಗ, ರಾಮದೇವರ ಬೆಟ್ಟ, ಮೇಕೆದಾಟುಗಳಿಗೆ ಬರುವ ಪ್ರವಾಸಿಗಳೂ ಬೆಂಗಳೂರು–ಮೈಸೂರು ಹೆದ್ದಾರಿಯ ಪಯಣಿಗರೂ ಬಿಟ್ಟುಹೋಗುವ ಕಸ ಸ್ಥಳೀಯರ ತಲೆಯ ಮೇಲೆ ಬೀಳುತ್ತದೆ. ರಾಮದೇವರ ಬೆಟ್ಟವಂತೂ ೨೦೧೨ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿತವಾದ ತಾಣ.

ಈ ಭಾರವನ್ನು ಹೊರುವವರು ಯಾರು? ಸಂವಿಧಾನದ ೭೩ ಮತ್ತು ೭೪ನೆಯ ತಿದ್ದುಪಡಿಗಳು ಗ್ರಾಮನೈರ್ಮಲ್ಯವನ್ನು ಪಂಚಾಯಿತಿಗಳಿಗೂ, ಪಟ್ಟಣಗಳ ಘನತ್ಯಾಜ್ಯ ನಿರ್ವಹಣೆಯನ್ನು ಪುರಸಭೆ ನಗರಸಭೆಗಳಿಗೂ ಸೇರಿದ ವಿಷಯಗಳೆಂದು ಗುರುತಿಸಿದವು. ೨೦೦೦ದಲ್ಲಿ ಬಂದ ಮೊದಲ ತ್ಯಾಜ್ಯ ನಿಯಮಗಳು ಪಟ್ಟಣಗಳಿಗೆ ಸೀಮಿತವಾಗಿದ್ದವು. ೨೦೧೬ರ ನಿಯಮಗಳು ಇನ್ನೂ ವಿಸ್ತಾರವಾದವು. ಕಸವನ್ನು ಮನೆಯಲ್ಲಿಯೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ವಿಂಗಡಿಸಿ ಕೊಡುವುದೂ, ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಬಳಕೆದಾರರ ಶುಲ್ಕವನ್ನು ತೆರುವುದೂ ಕಸ ಉತ್ಪಾದಿಸುವವರ ಕರ್ತವ್ಯವೆಂದು ವಿಧಿಸಿದವು. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿಯಿಲ್ಲದ ಸ್ಥಳದಲ್ಲಿ ನಡೆಸುವವರು ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಹೇಳಿದವು. ಮದುವೆ, ಜಾತ್ರೆ, ಉತ್ಸವಗಳನ್ನು ನಡೆಸುವವರಲ್ಲಿ ಈ ವಿಧಿಯನ್ನು ಬಲ್ಲವರು ವಿರಳ.

ಇನ್ನು ಹಣದ ಮೂಲಗಳು. ಸ್ವಚ್ಛ ಭಾರತ ಅಭಿಯಾನ ೨೦೧೪ರ ಅಕ್ಟೋಬರ್ ೨ರಂದು ಆರಂಭವಾಯಿತು. ಅದರ ಮೊದಲ ಹಂತದಲ್ಲಿ ೫೦೦ಕ್ಕಿಂತ ಹೆಚ್ಚು ಕುಟುಂಬಗಳುಳ್ಳ ಗ್ರಾಮ ಪಂಚಾಯಿತಿಗೆ ಘನ ಹಾಗೂ ದ್ರವ ತ್ಯಾಜ್ಯ ನಿರ್ವಹಣೆಗೆಂದು ಗರಿಷ್ಠ ೨೦ ಲಕ್ಷ ರೂಪಾಯಿ ದೊರೆಯುವ ಅವಕಾಶವಿತ್ತು. ೨೦೨೦–೨೧ರಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ ಲೆಕ್ಕ ತಲೆಯೆಣಿಕೆಯ ಮೇಲೆ ನಿಂತಿತು: ಘನತ್ಯಾಜ್ಯಕ್ಕೆ ೫,೦೦೦ದವರೆಗೆ ಜನಸಂಖ್ಯೆಯುಳ್ಳ ಗ್ರಾಮದಲ್ಲಿ ತಲಾ ೬೦ ರೂಪಾಯಿ, ಅದಕ್ಕೆ ಮೀರಿದ ಗ್ರಾಮದಲ್ಲಿ ತಲಾ ೪೫ ರೂಪಾಯಿ. ಇದರಲ್ಲಿ ನೂರಕ್ಕೆ ೩೦ ಭಾಗವನ್ನು ಪಂಚಾಯಿತಿಯೇ ಹದಿನೈದನೆಯ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಾಗಿತ್ತು. ಪ್ಲಾಸ್ಟಿಕ್ ತ್ಯಾಜ್ಯದ ಘಟಕಕ್ಕೆ ತಾಲ್ಲೂಕಿಗೊಂದರಂತೆ ೧೬ ಲಕ್ಷದವರೆಗೆ ನೆರವಿತ್ತು. ಆ ಹಣಕಾಸು ಆಯೋಗವೋ ೨೦೨೧–೨೬ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗಿತ್ತ ಅನುದಾನದಲ್ಲಿ ನೂರಕ್ಕೆ ೬೦ ಭಾಗವನ್ನು ನಿರ್ದಿಷ್ಟ ಕಾರ್ಯಗಳಿಗೆ ಬದ್ಧಗೊಳಿಸಿತು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಪಟ್ಟಣಗಳಿಗಾಗಿ ೨೦೨೧ರ ಅಕ್ಟೋಬರ್ ೧ರಂದು ಆರಂಭವಾದ ನಗರ ಅಭಿಯಾನದ ಎರಡನೆಯ ಹಂತದಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಘನತ್ಯಾಜ್ಯ ಯೋಜನೆಗೆ ಕೇಂದ್ರದ ಪಾಲು ನೂರಕ್ಕೆ ೫೦ ಎಂದು ಗೊತ್ತಾಯಿತು. ೨೦೧೧ರ ಜನಗಣತಿಯಲ್ಲಿ ಈ ನಾಲ್ಕು ಪಟ್ಟಣಗಳಲ್ಲಿ ಯಾವುದೂ ಲಕ್ಷವನ್ನು ಮುಟ್ಟಿರಲಿಲ್ಲ.

ಈ ಅಂಕಿಗಳನ್ನು ಒಂದು ಊರಿಗೆ ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ೫,೦೦೦ ಜನರುಳ್ಳ ಗ್ರಾಮಕ್ಕೆ ತಲಾ ೬೦ರಂತೆ ೩ ಲಕ್ಷ ರೂಪಾಯಿ. ಅದರಲ್ಲಿ ಅಭಿಯಾನದಿಂದ ಬರುವುದು ೨ ಲಕ್ಷ ೧೦ ಸಾವಿರ, ಪಂಚಾಯಿತಿ ಕೂಡಿಸಬೇಕಾದುದು ೯೦ ಸಾವಿರ. ಇದು ವರ್ಷವರ್ಷವೂ ಬರುವ ಹಣವಲ್ಲ. ಘಟಕವನ್ನು ಕಟ್ಟಿಕೊಳ್ಳಲು ಒಮ್ಮೆ ದೊರೆಯುವ ಮೊತ್ತ. ಆದರೆ ಕಸ ಒಮ್ಮೆ ಹುಟ್ಟಿ ನಿಲ್ಲುವ ವಸ್ತುವಲ್ಲ. ವಾಹನಕ್ಕೆ ಇಂಧನ, ಚಾಲಕಿಗೆ ಸಂಭಾವನೆ, ವಿಂಗಡಿಸುವವರಿಗೆ ಕೂಲಿ, ಕೈಗವಸು, ಮುಖಗವಸು, ಯಂತ್ರದ ರಿಪೇರಿ ಇವೆಲ್ಲ ಪ್ರತಿ ತಿಂಗಳಿನ ಖರ್ಚು. ಹಣಕಾಸು ಆಯೋಗದ ನೈರ್ಮಲ್ಯದ ಪಾಲನ್ನು ನಿರ್ವಹಣೆಗೆ ಬಳಸಲು ಅವಕಾಶವಿದ್ದರೂ, ಚರಂಡಿ, ಶೌಚಾಲಯ ಮೊದಲಾದ ಹಲವು ಅಗತ್ಯಗಳು ಅದೇ ಪಾಲಿಗೆ ಕೈಚಾಚುತ್ತವೆ.

ಉದಾಹರಣೆಗಾಗಿ, ಒಂದು ಊರಿನಲ್ಲಿ ೮೦೦ ಮನೆಗಳಿದ್ದು, ಮನೆಗೆ ತಿಂಗಳಿಗೆ ೩೦ ರೂಪಾಯಿ ಶುಲ್ಕವೆಂದು ಇಟ್ಟುಕೊಂಡರೆ ೨೪ ಸಾವಿರ ರೂಪಾಯಿ ಸೇರುತ್ತದೆ. ಅರ್ಧ ಮನೆಯವರು ಮಾತ್ರ ಕೊಟ್ಟರೆ ೧೨ ಸಾವಿರ. ಮೊದಲನೆಯ ಮೊತ್ತದಲ್ಲಿ ವಾಹನ ಹೇಗೋ ಓಡೀತು. ಎರಡನೆಯದರಲ್ಲಿ ಇಂಧನ ಕಳೆದು ಕೆಲಸದವರಿಗೆ ಉಳಿಯುವುದು ಅತ್ಯಲ್ಪ. ದಿನಕ್ಕೆ ಒಂದು ರೂಪಾಯಿಯ ಪ್ರಶ್ನೆಯಲ್ಲಿ ಲಕ್ಷಗಳ ಘಟಕದ ಭವಿಷ್ಯ ಅಡಗಿದೆ ಎಂಬುದು ಇದರ ತಾತ್ಪರ್ಯ. ರಾಜ್ಯದ ಹಲವೆಡೆ ಘಟಕ ಸಿದ್ಧವಾಗಿಯೂ ಬಾಗಿಲು ತೆರೆಯದ, ವಾಹನ ಬಂದೂ ಬೀದಿಗಿಳಿಯದ ಸಂಗತಿಗಳು ಪತ್ರಿಕೆಗಳಲ್ಲಿ ವರದಿಯಾಗಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಕರ್ನಾಟಕದಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿ ಪಂಚಾಯಿತಿಯ ‘ಸ್ವಚ್ಛ ಸಂಕೀರ್ಣ’ವನ್ನೂ ಕಸದ ವಾಹನವನ್ನೂ ನಡೆಸುವ ಹೊಣೆಯನ್ನು ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳ ಮಹಿಳಾ ಒಕ್ಕೂಟಗಳಿಗೆ ಒಪ್ಪಂದದ ಮೂಲಕ ವಹಿಸಲಾಗಿದೆ. ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳು ವಾಹನ ಚಾಲನೆಯನ್ನು ಕಲಿತು, ಪರವಾನಗಿ ಪಡೆದು, ಬೆಳಗ್ಗೆ ಮನೆಮನೆಯ ಮುಂದೆ ಬಂದು ನಿಲ್ಲುತ್ತಾರೆ. ಶುಲ್ಕ ಕೊಡದ ಮನೆಯವರು ತಾವು ಪಂಚಾಯಿತಿಗೆ ಬಾಕಿಯುಳಿಸಿಕೊಂಡೆವೆಂದು ಭಾವಿಸಬಹುದು. ವಸ್ತುತಃ ಅವರು ಬಾಕಿಯಿರುವುದು ಬಾಗಿಲಲ್ಲಿ ನಿಂತ ಆ ತಾಯಿಗೆ. ವಿಂಗಡಿಸದ ಕಸವನ್ನು ಕೊಟ್ಟಾಗಲೂ ಅದರಲ್ಲಿ ಕೈಯಿಟ್ಟು ಬೇರ್ಪಡಿಸಬೇಕಾದವಳು ಆಕೆಯೇ. ಗಾಜಿನ ಚೂರು, ಸೂಜಿ, ಕೊಳೆತ ಅನ್ನ ಒಂದೇ ಚೀಲದಲ್ಲಿದ್ದರೆ ಅದರ ಪರಿಣಾಮವನ್ನು ಅನುಭವಿಸುವವಳೂ ಆಕೆಯೇ.

ಈ ಸಂದರ್ಭದಲ್ಲಿ ಕನ್ನಡ ನಾಡಿನ ಶಾಸನಗಳು ನೆನಪಿಗೆ ಬರುತ್ತವೆ. ಕೆರೆಯನ್ನು ಕಟ್ಟಿಸಿದ ಹಿರಿಯರು ಏರಿಯನ್ನು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಅದರ ದುರಸ್ತಿಗೂ ಹೂಳೆತ್ತುವುದಕ್ಕೂ ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಟ್ಟರು. ಇದಕ್ಕೆ ‘ಬಿತ್ತುವಟ್ಟ’ವೆಂದು ಹೆಸರು. ಮಣ್ಣು ಸಾಗಿಸುವ ಕೆರೆಯ ಬಂಡಿಗೆಂದೇ ದತ್ತಿ ಬಿಟ್ಟ ಉದಾಹರಣೆಗಳೂ ಉಂಟು. ದೇಗುಲಗಳಿಗೆ ದಾನ ಕೊಡುವಾಗಲೂ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ, ಅಂದರೆ ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ, ಎಂದು ವಿಶೇಷವಾಗಿ ನಮೂದಿಸುವ ರೂಢಿಯಿತ್ತು. ಕಟ್ಟುವುದು ಒಂದು ದಿನದ ಪುಣ್ಯ, ಕಾಪಾಡುವುದು ನಿತ್ಯದ ಹೊಣೆ ಎಂಬ ವಿವೇಕ ಇಲ್ಲಿ ವ್ಯಕ್ತವಾಗಿದೆ. ಸರ್ಕಾರದ ಅನುದಾನ ಇಂದಿನ ಕೆರೆಯೇರಿ. ಅದಕ್ಕೆ ಬಿತ್ತುವಟ್ಟವನ್ನು ಊರು ಒದಗಿಸಬೇಕು. ಮನೆಯವರು ಕೊಡುವ ಶುಲ್ಕವೇ ಆ ಬಿತ್ತುವಟ್ಟ.

ಕಸವನ್ನು ಮಾರಿಯೇ ಖರ್ಚನ್ನು ತೂಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ರಟ್ಟು, ಕಬ್ಬಿಣ, ನೀರಿನ ಬಾಟಲಿಗಳಿಗೆ ಗುಜರಿಯವರು ಬೆಲೆ ಕೊಡುತ್ತಾರೆ. ಆದರೆ ತಿಂಡಿಯ ಪೊಟ್ಟಣ, ಶಾಂಪೂ ಪೊಟ್ಟಣಗಳಂತಹ ಹಲವು ಪದರದ ವಸ್ತುಗಳನ್ನು ಕೇಳುವವರಿಲ್ಲ. ಬೀದಿಯಲ್ಲಿ ಹೆಚ್ಚಾಗಿ ಹಾರುವುದು ಅವೇ. ಇಂತಹ ಕಸವನ್ನು ಒಂದೊಂದು ಹಳ್ಳಿ ಪ್ರತ್ಯೇಕವಾಗಿ ನಿರ್ವಹಿಸುವುದು ಕಷ್ಟ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ ೧೦ ಟನ್ ಒಣಕಸವನ್ನು ನಿರ್ವಹಿಸಬಲ್ಲ ಕೇಂದ್ರವೊಂದನ್ನು ಸ್ಥಾಪಿಸಿ, ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣಕಸವನ್ನು ಅಲ್ಲಿಗೆ ಒಯ್ಯುವ ಏರ್ಪಾಡು ಮಾಡಿದುದು ಈ ಕಾರಣದಿಂದಲೇ. ವಸ್ತುವನ್ನು ತಯಾರಿಸಿದವರೇ ಅದರ ಪೊಟ್ಟಣದ ಹೊಣೆಯನ್ನು ಹೊರಬೇಕೆಂಬ ಕೇಂದ್ರದ ಮಾರ್ಗಸೂಚಿಯೂ ೨೦೨೨ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಆದರೆ ಕೇಂದ್ರಕ್ಕೆ ತಲುಪುವ ಒಣಕಸ ಅನ್ನದ ಮುಸುರೆಯಿಂದ ತೊಯ್ದಿದ್ದರೆ ಅಲ್ಲಿನ ಯಂತ್ರವೂ ನಿರುಪಾಯ. ಸರಪಳಿಯ ಮೊದಲ ಕೊಂಡಿ ಅಡುಗೆಮನೆಯಲ್ಲಿಯೇ ಇದೆ.

ಎಸೆಯದಂತೆ ತಡೆಯುವುದು ಹೆಕ್ಕುವುದಕ್ಕಿಂತ ಅಗ್ಗ. ಕರ್ನಾಟಕ ೨೦೧೬ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳ ಮೇಲೆ ದೇಶವ್ಯಾಪಿ ನಿಷೇಧ ೨೦೨೨ರ ಜುಲೈ ೧ರಿಂದ ಬಂದಿತು. ನಿಷೇಧದ ಜೊತೆಗೆ ಉಪಾಯವೂ ಬೇಕು. ನೆರೆಯ ನೀಲಗಿರಿಯಲ್ಲಿ ಕಾಡಿನಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಕಾಲಿಗೆ ಅಪಾಯವೆನಿಸಿದಾಗ, ಮದ್ರಾಸ್ ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ೨೦೨೨ರಲ್ಲಿ ಪ್ರತಿ ಬಾಟಲಿಗೆ ೧೦ ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ಅದನ್ನು ಹಿಂದಿರುಗಿಸುವ ಕ್ರಮ ಜಾರಿಗೆ ಬಂದಿತು. ಜಪಾನಿನ ಕಾಮಿಕಾತ್ಸು ಎಂಬ ಪುಟ್ಟ ಊರು ೨೦೦೩ರಲ್ಲಿ ಕಸವನ್ನೇ ಉಳಿಸದಿರುವ ಸಂಕಲ್ಪ ಮಾಡಿತು. ಅಲ್ಲಿನ ಜನ ತಮ್ಮ ಕಸವನ್ನು ತಾವೇ ಕೇಂದ್ರಕ್ಕೆ ತಂದು ನಲವತ್ತಕ್ಕೂ ಮಿಕ್ಕ ಬಗೆಯಾಗಿ ವಿಂಗಡಿಸುತ್ತಾರೆ. ೨೦೧೬ರ ನಿಯಮಗಳು ಇಲ್ಲಿ ಕೇಳಿದುದು ಮೂರು ಬಗೆ ಮಾತ್ರ.

ಇಂತಹ ಅಭ್ಯಾಸ ಹಣದಿಂದ ಬರುವುದಲ್ಲ, ಶಿಕ್ಷಣದಿಂದ ಬರುವುದು. ಅಧ್ಯಾಪಕರ ಪಾತ್ರ ಇಲ್ಲಿ ಹಿರಿದು. ಸ್ವಚ್ಛತೆಯ ಮೇಲೆ ಪ್ರಬಂಧ ಬರೆಸುವುದರ ಜೊತೆಗೆ, ಶಾಲೆಯ ಒಂದು ವಾರದ ಕಸವನ್ನು ಮಕ್ಕಳಿಂದಲೇ ತೂಗಿಸಿ, ಯಾವ ಬಗೆ ಎಷ್ಟೆಂದು ಗಣಿತದ ಪುಸ್ತಕದಲ್ಲಿ ಬರೆಸಿದರೆ ಅದು ಜೀವನಪರ್ಯಂತ ಮರೆಯದ ಪಾಠವಾದೀತು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗ್ರಾಮಸಭೆಗೆ ಹೋಗಿ, ನೈರ್ಮಲ್ಯಕ್ಕೆ ಬಂದ ಹಣ ಎಷ್ಟು, ಘಟಕ ನಡೆಯುತ್ತಿದೆಯೆ, ಒಕ್ಕೂಟದವರಿಗೆ ಸಂಭಾವನೆ ಸಲ್ಲಿದೆಯೆ ಎಂದು ಕೇಳಬಹುದು. ಕ್ರಿಯಾಯೋಜನೆ ಅಲ್ಲಿಯೇ ಮಂಡಿತವಾಗಬೇಕಾದುದರಿಂದ ಆ ಪ್ರಶ್ನೆ ಅಧಿಕಪ್ರಸಂಗವಲ್ಲ, ಹಕ್ಕು.

ದಾನಿಗಳಿಗೂ ಇಲ್ಲೊಂದು ಸೂಚನೆಯುಂಟು. ಹೆಸರು ಬರೆಸಿದ ಕಸದ ತೊಟ್ಟಿಯನ್ನು ಕೊಡುವುದು ಸುಲಭ. ಅದನ್ನು ಪ್ರತಿದಿನ ಬರಿದುಮಾಡುವವರು ಇಲ್ಲದಿದ್ದರೆ ತೊಟ್ಟಿಯೇ ಕಸದ ಗುಡ್ಡೆಗೆ ಗುರುತಾಗುತ್ತದೆ. ಶಾಲೆಗಳಲ್ಲಿ ಪ್ರತಿಭಾವಂತರಿಗೆ ದತ್ತಿ ಬಹುಮಾನಗಳನ್ನು ಏರ್ಪಡಿಸುವಂತೆ, ಒಂದು ಮೊತ್ತವನ್ನು ಠೇವಣಿಯಾಗಿಟ್ಟು ಅದರ ಬಡ್ಡಿಯಿಂದ ಊರಿನ ಕಸ ವಿಂಗಡಿಸುವ ಮಹಿಳೆಯರ ಕೈಗವಸು, ವೈದ್ಯಕೀಯ ತಪಾಸಣೆ, ವಾಹನದ ರಿಪೇರಿಗಳಿಗೆ ನೆರವಾದರೆ ಅದು ನಿಜವಾದ ಬಿತ್ತುವಟ್ಟವೆನಿಸುತ್ತದೆ.

‘ಅನು’ ಎಂಬ ಉಪಸರ್ಗಕ್ಕೆ ‘ಹಿಂದೆ, ಅನುಸರಿಸಿ’ ಎಂಬ ಅರ್ಥವಿದೆ. ಅನುಚರ, ಅನುಗಮನ ಎಂಬ ಶಬ್ದಗಳಲ್ಲಿ ಅದನ್ನು ಕಾಣಬಹುದು. ಆ ದೃಷ್ಟಿಯಿಂದ ನೋಡಿದರೆ, ಮುಂದೆ ನಡೆಯಬೇಕಾದುದು ಜನರ ಪ್ರಯತ್ನ; ಅದನ್ನು ಹಿಂಬಾಲಿಸಿ ಬರಬೇಕಾದುದು ಅನುದಾನ. ದಾನ ಮುಂದಾಗಿ ಪ್ರಯತ್ನ ಹಿಂದುಳಿದರೆ ಘಟಕದ ಬಾಗಿಲಿಗೆ ಬೀಗ ಬೀಳುತ್ತದೆ. ಪ್ರಯತ್ನ ಮುಂದಾದ ಊರಿನಲ್ಲಿ ತಿಪ್ಪೆ ಮತ್ತೆ ಗೊಬ್ಬರವಾದೀತು; ಅರ್ಕಾವತಿಯ ದಡದಲ್ಲಿ ಪ್ಲಾಸ್ಟಿಕ್ ಕಡಮೆಯಾದೀತು; ಬೆಳಗ್ಗೆ ಬಾಗಿಲಿಗೆ ಬರುವ ಆ ತಾಯಿಗೆ ತಿಂಗಳ ಕೊನೆಗೆ ತನ್ನ ದುಡಿಮೆಯ ಫಲ ತಪ್ಪದೆ ಕೈಸೇರೀತು.