ಅವ್ವ ತಪ್ಪು ಮಾತಾಡಿರಲಿಲ್ಲ

ಕಂಪ್ಲಿಯಿಂದ ಬಂದು ಬೆಂಗಳೂರಿನ ಹಾಸ್ಟೆಲ್‌ ಸೇರಿದ ಮೊದಲ ವಾರ. ಊಟಕ್ಕೆ ಕರೆದವಳಿಗೆ ‘ಬರಾಕತ್ತೀನಿ’ ಎಂದೆ. ಪಕ್ಕದ ಕೋಣೆಗಳವರೆಗೂ ನಗು ಹಬ್ಬಿತು. ಅಂದಿನಿಂದ ‘ಬರ್ತಾ ಇದೀನಿ’ ಎನ್ನುವುದನ್ನು ರೂಢಿ ಮಾಡಿಕೊಂಡೆ.

ದಸರಾ ರಜೆಯಲ್ಲಿ ಗೆಳತಿಯರು ಹಂಪಿ ನೋಡಲು ಬಂದರು. ಅವ್ವನೂ ಬುತ್ತಿ ಕಟ್ಟಿಕೊಂಡು ಜೊತೆಯಾದಳು. ಮಾತಂಗ ಬೆಟ್ಟದ ಕಡೆ ಕೈ ತೋರಿಸಿ, ‘ಅಲ್ನೋಡ್ರವ್ವಾ, ಹತ್ತು ಮಂದಿ ಗುಡ್ಡ ಹತ್ತಾಕತ್ತ್ಯಾರ’ ಎಂದಳು. ಗೆಳತಿಯರು ನಗುವ ಮೊದಲೇ ನಾನು, ‘ಹತ್ತುತ್ತಿದ್ದಾರೆ ಅನ್ನಬೇಕವ್ವ’ ಎಂದು ತಿದ್ದಿದೆ. ಅವ್ವ ಬುತ್ತಿ ಬಿಚ್ಚಿದಳು, ಎಲ್ಲರಿಗೂ ಬಡಿಸಿದಳು. ಆದರೆ ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ಫೋನಿನಲ್ಲೂ ಬರೀ ‘ಹೂಂ’, ‘ಹೂಂ’.

ಮುಂದೊಂದು ದಿನ ಕನ್ನಡ ತರಗತಿಯಲ್ಲಿ ಮೇಡಂ ‘ಮಾಡುತ್ತಿದ್ದೇನೆ’ ಎಂಬುದನ್ನು ಬೋರ್ಡಿನ ಮೇಲೆ ಬಿಡಿಸಿ ಬರೆದರು: ಮಾಡುತ್ತ + ಇದ್ದೇನೆ. ಇಲ್ಲಿ ‘ಇರು’ ಸಹಾಯಕ ಕ್ರಿಯಾಪದ. ನಾನು ನೋಟ್‌ಬುಕ್ಕಿನ ಮೂಲೆಯಲ್ಲಿ ಸುಮ್ಮನೆ ನಮ್ಮೂರ ಮಾತನ್ನೂ ಬಿಡಿಸಿದೆ: ಮಾಡಾಕ + ಹತ್ತೀನಿ. ಅಲ್ಲಿ ‘ಇರು’ ಮಾಡುವ ಕೆಲಸವನ್ನು ಇಲ್ಲಿ ‘ಹತ್ತು’ ಮಾಡುತ್ತದೆ. ಮಾತಿನ ಓಟದಲ್ಲಿ ‘ಹ’ಕಾರ ಉದುರಿದೆ, ಅಷ್ಟೆ. ‘ಮಗು ಅಳಹತ್ತಿತು’ ಎಂದು ಕಥೆಗಳಲ್ಲಿ ಓದುತ್ತೇವಲ್ಲ, ಅದೇ ಈ ‘ಹತ್ತು’.

ಆಗ ಅವ್ವನ ಮಾತು ನೆನಪಾಯಿತು. ಅದರಲ್ಲಿ ಮೂರು ‘ಹತ್ತು’ ಇದ್ದವು. ‘ಹತ್ತು ಮಂದಿ’ಯಲ್ಲಿ ಅದು ಸಂಖ್ಯೆ. ‘ಹತ್ತಾಕ’ದಲ್ಲಿ ಏರು ಎಂಬ ಅರ್ಥದ ಕ್ರಿಯಾಪದ. ಕೊನೆಯ ‘ಅತ್ತ್ಯಾರ’ದಲ್ಲಿ ಸಹಾಯಕ ಕ್ರಿಯಾಪದ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಮೂರನ್ನೂ ಅದರದರ ಜಾಗದಲ್ಲೇ ಇಟ್ಟಿದ್ದಳು. ತಪ್ಪಿದ್ದು ನಾನು.

ಬೇರೆ ಪದಗಳನ್ನೂ ನೋಡುತ್ತಾ ಹೋದೆ. ಪದದ ಕೊನೆಯ ‘ಎ’ ನಮ್ಮ ಕಡೆ ‘ಇ’ ಆಗುತ್ತದೆ: ಮನೆ ಮನಿ, ಮಳೆ ಮಳಿ, ಹೊಸಪೇಟೆ ಹೊಸಪೇಟಿ. ಹಳಗನ್ನಡದ ‘ಪಾಲ್’ ಹಾಲಾದ ಹಾಗೆ ‘ಪಂಪಾ’ ಹಂಪೆಯಾಯಿತು. ಆ ಹಂಪೆ ನಮ್ಮ ಬಾಯಲ್ಲಿ ಹಂಪಿ. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ‘ಹಂಪಿ’ ಎಂಬ ಹೆಸರಿನಲ್ಲೇ. ‘ಮನಿ’ ಅಂದರೆ ನಗುವವರು ‘ಹಂಪಿ’ ಅಂದರೆ ನಗುವುದಿಲ್ಲ!

ಪರೀಕ್ಷೆಗೆ, ಕಚೇರಿಗೆ ಬರಹದ ಕನ್ನಡ ಬೇಕೇ ಬೇಕು, ಕಲಿಯೋಣ. ಅದಕ್ಕಾಗಿ ಮನೆಯ ಕನ್ನಡವನ್ನು ತಪ್ಪು ಎನ್ನಬೇಕಾಗಿಲ್ಲ. ಎರಡಕ್ಕೂ ಅದರದರ ನಿಯಮಗಳಿವೆ. ಒಂದರದ್ದು ಪುಸ್ತಕದಲ್ಲಿ ಅಚ್ಚಾಗಿದೆ, ಇನ್ನೊಂದರದ್ದು ಅವ್ವನಂಥವರ ನಾಲಿಗೆಯ ಮೇಲಿದೆ.

ಮೊನ್ನೆ ಊರಿಗೆ ಹೋಗುವಾಗ ಹೊಸಪೇಟೆ ಬಸ್‌ ನಿಲ್ದಾಣದಲ್ಲಿ ಇಳಿದು ಫೋನ್‌ ಮಾಡಿದೆ. ‘ಅವ್ವಾ, ಬರಾಕತ್ತೀನಿ.’

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಹಳೆಯ ದನಿ ಕೇಳಿಸಿತು: ‘ಜಲ್ದಿ ಬಾ, ಮಳಿ ಬರಾಕತ್ತೈತಿ. ನಾ ರೊಟ್ಟಿ ಬಡಿಯಾಕತ್ತೀನಿ.’