ಪೆಟ್ಟು ಬಿದ್ದ ಮೇಲಿನ ಪೆಟ್ಟು

"ಆಪರೇಷನ್ ಚೆನ್ನಾಗೇ ಆಗಿದೆ. ಆದರೆ 72 ಗಂಟೆ ಕಳೆಯೋವರೆಗೆ ಏನೂ ಹೇಳೋಕಾಗಲ್ಲ."

ತಲೆಗೆ ಪೆಟ್ಟು ಬಿದ್ದವರ ಮನೆಮಂದಿ ಐಸಿಯು ಬಾಗಿಲಲ್ಲಿ ಕೇಳಿಸಿಕೊಳ್ಳುವ ಮಾತಿದು. ವೈದ್ಯರು ಜಾರಿಕೊಳ್ಳುತ್ತಿದ್ದಾರೆ ಎಂದು ಅನುಮಾನಿಸುವವರೂ ಉಂಟು. ಹೆಪ್ಪುಗಟ್ಟಿದ ರಕ್ತ ತೆಗೆದಾಯಿತು, ಸೋರುವುದು ನಿಂತಿತು, ಇನ್ನೇನು ಬಾಕಿ? ಬಾಕಿ ಇರುವುದು ಎರಡನೇ ಪೆಟ್ಟು. ಮೊದಲನೆಯದು ರಸ್ತೆಯಲ್ಲಿ ಬಿದ್ದದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದದ್ದು. ಎರಡನೆಯದು ತಲೆಯೊಳಗೇ ಹುಟ್ಟಿ ಗಂಟೆಗಟ್ಟಲೆ, ದಿನಗಟ್ಟಲೆ ಬೆಳೆಯುತ್ತದೆ. ಅದರಲ್ಲಿ ದೊಡ್ಡ ಪಾತ್ರ ಮೆದುಳಿನ ಉರಿಯೂತದ್ದು.

ಕಾವಲುಗಾರರ ಗದ್ದಲ

ಪೆಟ್ಟಿನ ರಭಸಕ್ಕೆ ನರತಂತುಗಳು ಹರಿಯುತ್ತವೆ, ಜೀವಕೋಶಗಳು ಒಡೆಯುತ್ತವೆ. ಕೋಶದೊಳಗೆ ಶಕ್ತಿ ಒದಗಿಸಬೇಕಾದ ಎಟಿಪಿ ಎಂಬ ರಾಸಾಯನಿಕ ಹೊರಗೆ ಚೆಲ್ಲುತ್ತದೆ. ಹೊರಗೆ ಬಂದ ಎಟಿಪಿ ಎಂದರೆ ಅಪಾಯದ ಸೂಚನೆ. ಇದನ್ನು ಮೊದಲು ಗ್ರಹಿಸುವುದು ಮೈಕ್ರೋಗ್ಲಿಯಾ ಎಂಬ ಪುಟ್ಟ ಕೋಶಗಳು. ಸ್ಪೇನ್‌ನ ವಿಜ್ಞಾನಿ ಪಿಯೊ ಡೆಲ್ ರಿಯೊ ಒರ್ತೇಗಾ 1919ರಲ್ಲಿ ಗುರುತಿಸಿ ಹೆಸರಿಟ್ಟ ಇವು ಮೆದುಳಿನ ಖಾಯಂ ಕಾವಲುಗಾರರು. ಜೀವಂತ ಇಲಿಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗಾಯವಾದ ಕೆಲವೇ ನಿಮಿಷಗಳಲ್ಲಿ ಇವು ತಮ್ಮ ಎಳೆಗಳನ್ನು ಗಾಯದತ್ತ ಚಾಚಿ ಆ ಜಾಗವನ್ನು ಸುತ್ತುವರಿಯುವುದು ಕಂಡಿದೆ.

ಕಸ ತೆಗೆಯುವುದು, ಹಾನಿಯನ್ನು ಒಂದೆಡೆ ಕಟ್ಟಿಹಾಕುವುದು ಇವುಗಳ ಕೆಲಸ. ಆದರೆ ಕೆಲಸದ ಭರದಲ್ಲಿ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್‌ನಂಥ ಉರಿಯೂತಕಾರಕಗಳನ್ನು ಸುರಿಸುತ್ತವೆ. ರಕ್ತಕ್ಕೂ ಮೆದುಳಿಗೂ ನಡುವಿನ ಬಿಗಿಯಾದ ತಡೆಗೋಡೆ ಸಡಿಲವಾಗುತ್ತದೆ. ಒಳಗೆ ಅಷ್ಟಾಗಿ ಕಾಲಿಡದ ಬಿಳಿ ರಕ್ತಕಣಗಳು ನುಗ್ಗುತ್ತವೆ, ಜೊತೆಗೆ ನೀರಿನಂಶವೂ ಸೋರುತ್ತದೆ. ಮೆದುಳು ಊದಿಕೊಳ್ಳುತ್ತದೆ. ಈ ಊತ ಸಾಮಾನ್ಯವಾಗಿ ತಾರಕಕ್ಕೇರುವುದು ಮೊದಲ ಕೆಲವು ದಿನಗಳಲ್ಲಿ. ವೈದ್ಯರ 72 ಗಂಟೆಯ ಲೆಕ್ಕ ಬಂದದ್ದು ಇಲ್ಲಿಂದ.

ಮಂಡಿಗೆ ಪೆಟ್ಟಾದರೆ ಚರ್ಮ ಹಿಗ್ಗಿ ಊತಕ್ಕೆ ಜಾಗ ಕೊಡುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಮೆದುಳು, ರಕ್ತ, ಮೆದುಳುದ್ರವ ಈ ಮೂರಕ್ಕೂ ಇರುವುದು ಅಷ್ಟೇ ಜಾಗ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. ಮೊದಲು ದ್ರವ ಸರಿದು ಜಾಗ ಮಾಡಿಕೊಡುತ್ತದೆ. ಅದೂ ಮುಗಿದ ಮೇಲೆ ಒತ್ತಡ ಏರತೊಡಗಿ ರಕ್ತ ಮೇಲೆ ಹತ್ತುವುದೇ ಕಷ್ಟವಾಗುತ್ತದೆ. ರಕ್ತ ಸಿಗದ ಕೋಶಗಳು ಸಾಯುತ್ತವೆ, ಸತ್ತ ಕೋಶಗಳು ಮತ್ತಷ್ಟು ಉರಿಯೂತ ಹುಟ್ಟಿಸುತ್ತವೆ. ತಲೆಯೊಳಗಿನ ಒತ್ತಡ 22 ಮಿಲಿಮೀಟರ್ ಪಾದರಸದ ಮಟ್ಟ ದಾಟಿದರೆ ಇಳಿಸಲೇಬೇಕು ಎನ್ನುತ್ತವೆ ಚಿಕಿತ್ಸಾ ಸೂತ್ರಗಳು.

ಹಾಸಿಗೆಯ ತಲೆಭಾಗ ಎತ್ತರಿಸುವುದು, ಮ್ಯಾನಿಟಾಲ್ ಅಥವಾ ಗಟ್ಟಿ ಉಪ್ಪುನೀರಿನ ಡ್ರಿಪ್ ಕೊಟ್ಟು ನೀರೆಳೆಯುವುದು ಇದಕ್ಕಾಗಿಯೇ. ಯಾವುದೂ ಬಗ್ಗದಿದ್ದರೆ ಬುರುಡೆಯ ಒಂದು ದೊಡ್ಡ ತುಂಡನ್ನೇ ತೆಗೆದು ಮೆದುಳಿಗೆ ಜಾಗ ಮಾಡಿಕೊಡುತ್ತಾರೆ. ನಮ್ಮಲ್ಲಿ ಆ ಮೂಳೆಯನ್ನು ಎಷ್ಟೋ ಸಲ ರೋಗಿಯ ಹೊಟ್ಟೆಯ ಚರ್ಮದಡಿಯೇ ಹೊಲಿದಿಟ್ಟು, ತಿಂಗಳುಗಳ ನಂತರ ಸ್ವಸ್ಥಾನಕ್ಕೆ ಸೇರಿಸುತ್ತಾರೆ. ತಲೆಗೆ ಪೆಟ್ಟಾದವರ ಹೊಟ್ಟೆಗೇಕೆ ಹೊಲಿಗೆ ಎಂದು ಗಾಬರಿಯಾಗುವ ಮನೆಯವರಿಗೆ ಉತ್ತರ ಇದು. 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವೊಂದರಲ್ಲಿ ಆರು ತಿಂಗಳ ಹೊತ್ತಿಗೆ, ಔಷಧಿಯನ್ನಷ್ಟೇ ನೆಚ್ಚಿದ ಗುಂಪಿನಲ್ಲಿ ಶೇ 48.9 ಮಂದಿ ಸತ್ತಿದ್ದರು. ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 26.9. ಜೀವ ಉಳಿದವರಲ್ಲಿ ಹಲವರಿಗೆ ತೀವ್ರ ಅಂಗವೈಕಲ್ಯವೂ ಉಳಿಯಿತು.

ಸ್ಟೀರಾಯ್ಡ್ ಕಲಿಸಿದ ಪಾಠ

ಉರಿಯೂತವೇ ವೈರಿಯಾದರೆ ಅದನ್ನು ಅಡಗಿಸಿಬಿಡಬಹುದಲ್ಲ? ವೈದ್ಯಲೋಕ ದಶಕಗಳ ಕಾಲ ಹಾಗೆಯೇ ನಂಬಿ ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಟ್ಟಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು 'ಕ್ರ್ಯಾಶ್' ಅಧ್ಯಯನ. ಹತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಸೇರಿಸಿಕೊಂಡಿದ್ದ ಅದನ್ನು 2004ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಶೇ 21.1 ಮಂದಿ ಸತ್ತಿದ್ದರು, ಪಡೆಯದವರಲ್ಲಿ ಶೇ 17.9. ಒಳ್ಳೆಯದೆಂದು ಕೊಟ್ಟ ಮದ್ದು ಜೀವ ತೆಗೆಯುತ್ತಿತ್ತು. ಆಮೇಲೆ ಭರವಸೆ ಹುಟ್ಟಿಸಿದ ಪ್ರೊಜೆಸ್ಟರಾನ್ ಕೂಡ 2014ರ ಎರಡು ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟಿತು. ಗಾಯ ಮಾಯಲು ಉರಿಯೂತ ಬೇಕು, ಅತಿಯಾದರೆ ಅದೇ ಗಾಯವನ್ನು ಹಿಗ್ಗಿಸುತ್ತದೆ. ಯಾವಾಗ, ಎಷ್ಟು ತಗ್ಗಿಸಬೇಕು ಎಂಬ ಹದ ಇನ್ನೂ ಕೈಗೆ ಸಿಕ್ಕಿಲ್ಲ.

ಮನೆಗೆ ಬಂದ ಮೇಲೂ

ಕೆಲವರಲ್ಲಿ ಈ ಉರಿ ಆರುವುದೇ ಇಲ್ಲ. ಗ್ಲಾಸ್ಗೊದಲ್ಲಿ ಸಂಗ್ರಹಿಸಿಟ್ಟ ಮೆದುಳುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಒಂದು ಪೆಟ್ಟಿನ 18 ವರ್ಷಗಳ ನಂತರವೂ ಮೈಕ್ರೋಗ್ಲಿಯಾ ಕೆರಳಿಯೇ ಇದ್ದದ್ದು ಕಂಡಿತು. ತಲೆಪೆಟ್ಟಿನ ನಂತರ ಮರೆವಿನ ಕಾಯಿಲೆಯ ಸಂಭವ ಹೆಚ್ಚುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬ ಶಂಕೆ ಇದೆ. ಡಿಸ್ಚಾರ್ಜ್ ಆಗಿ ಬಂದವರು ಸಣ್ಣದಕ್ಕೂ ರೇಗುವುದು, ನಿದ್ದೆಗೆಡುವುದು, ಹೇಳಿದ್ದನ್ನು ಮರೆಯುವುದು ಸಾಮಾನ್ಯ. "ಆಕ್ಸಿಡೆಂಟ್ ಆದ್ಮೇಲೆ ಇವನ ಬುದ್ಧಿನೇ ಕೆಟ್ಟೋಯ್ತು" ಎಂದು ದೂರುವ ಬದಲು ಮತ್ತೆ ವೈದ್ಯರ ಬಳಿ ಕರೆದೊಯ್ಯಬೇಕು. ಅದು ಸ್ವಭಾವದ ದೋಷವಲ್ಲ, ಗಾಯದ ಮುಂದುವರಿಕೆ.

ನಮ್ಮ ಕೈಯಲ್ಲಿರುವುದು

ಎರಡನೇ ಪೆಟ್ಟಿಗೆ ಮಾತ್ರೆ ಇಲ್ಲದಿರಬಹುದು, ಅದನ್ನು ಹೆಚ್ಚಿಸದಿರುವ ದಾರಿ ಇದೆ. ಉಸಿರು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಮೆದುಳಿನ ಹಾನಿ ಬಿರುಸಾಗುತ್ತದೆ. ಆದ್ದರಿಂದ ಗಾಯಾಳುವನ್ನು ಬೇಗ ಆಸ್ಪತ್ರೆ ಮುಟ್ಟಿಸುವುದೇ ಮೊದಲ ಚಿಕಿತ್ಸೆ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕುವ ನಮ್ಮ ರೂಢಿ ಬಿಡಬೇಕು. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಪೊಲೀಸ್ ಕೇಸಿಗೆ ಹೆದರಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ.

ಇನ್ನು ಮೊದಲ ಪೆಟ್ಟೇ ಬೀಳದಂತೆ ತಡೆಯುವುದು ಹೆಲ್ಮೆಟ್. ಅದು ಸಾವಿನ ಸಂಭವವನ್ನು ಸುಮಾರು ಶೇ 42ರಷ್ಟು, ತಲೆಗಾಯದ ಸಂಭವವನ್ನು ಶೇ 69ರಷ್ಟು ತಗ್ಗಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂಬದಿ ಕೂತವರು. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರನ್ನು 2021ರ ಜೂನ್‌ನಲ್ಲಿ ನಾವು ಕಳೆದುಕೊಂಡದ್ದೂ ಬೈಕಿನ ಹಿಂಬದಿ ಕೂತಿದ್ದಾಗ ತಲೆಗೆ ಬಿದ್ದ ಪೆಟ್ಟಿನಿಂದ.

ಅರ್ಧ ಹೆಲ್ಮೆಟ್ ದಂಡ ತಪ್ಪಿಸೀತು, ತಲೆ ಉಳಿಸದು. ಐಎಸ್‌ಐ ಮುದ್ರೆಯ ಪೂರ್ಣ ಹೆಲ್ಮೆಟ್ ಕೊಳ್ಳಿ, ಪಟ್ಟಿ ಬಿಗಿಯಿರಿ, ಹಿಂದೆ ಕೂತವರಿಗೂ ಒಂದು ಕೊಡಿಸಿ.