ಕಾರಿನ ಆಂಪ್ಲಿಫೈಯರ್ ಮೌನವೇ? ಮೊದಲು ಫ್ಯೂಸ್ ನೋಡಿ

ಗದಗ: ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಅಥವಾ ಮುಂಡರಗಿಗೆ ಹೊರಟ ಕಾರಿನಲ್ಲಿ ಹಾಡು ಹಠಾತ್ತನೆ ನಿಂತರೆ ಆಂಪ್ಲಿಫೈಯರ್ ಸುಟ್ಟಿದೆ ಎಂದೇ ಭಾವಿಸಬೇಕಿಲ್ಲ. ದೋಷ ತಂತಿಯಲ್ಲೂ ಇರಬಹುದು.

ಮೊದಲು ಬ್ಯಾಟರಿ ಬಳಿಯ ಹಾಗೂ ಆಂಪ್ಲಿಫೈಯರ್‌ನಲ್ಲಿರುವ ಫ್ಯೂಸ್‌ಗಳನ್ನು ಪರೀಕ್ಷಿಸಬೇಕು. ಅವು ಸರಿಯಿದ್ದರೆ ಸ್ಟೀರಿಯೊ ಚಾಲೂ ಮಾಡಿ, ಪವರ್ ಮತ್ತು ರಿಮೋಟ್ ಟರ್ಮಿನಲ್‌ಗಳನ್ನು ಮಲ್ಟಿಮೀಟರ್‌ನಿಂದ ಅಳೆಯಬೇಕು. ಎರಡರಲ್ಲೂ ಸುಮಾರು 12 ವೋಲ್ಟ್ ಇರಬೇಕು. ಪವರ್‌ನಲ್ಲಿ ಇಲ್ಲದಿದ್ದರೆ ಕೇಬಲ್ ಅಥವಾ ಗ್ರೌಂಡ್ ಜೋಡಣೆಯನ್ನು, ರಿಮೋಟ್‌ನಲ್ಲಿ ಮಾತ್ರ ಇಲ್ಲದಿದ್ದರೆ ಸ್ಟೀರಿಯೊದಿಂದ ಬರುವ ತೆಳು ತಂತಿಯನ್ನು ನೋಡಬೇಕು.

‘ಪ್ರೊಟೆಕ್ಟ್’ ದೀಪ ಉರಿಯುತ್ತಿದ್ದರೆ ಸ್ಟೀರಿಯೊ ಆಫ್ ಮಾಡಿ, ಸ್ಪೀಕರ್ ತಂತಿಗಳನ್ನು ಕಳಚಿ ಮತ್ತೆ ಚಾಲೂ ಮಾಡಬೇಕು. ದೀಪ ಆರಿದರೆ ಸ್ಪೀಕರ್ ಕಡೆ ಶಾರ್ಟ್ ಆಗಿದೆ ಎಂದರ್ಥ. ಆರದಿದ್ದರೆ ಆಂಪ್ಲಿಫೈಯರನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

ಒಂದು ಎಚ್ಚರಿಕೆ: 30 ಆಂಪಿಯರ್ ಫ್ಯೂಸ್ ಜಾಗದಲ್ಲಿ 60 ಆಂಪಿಯರ್‌ನದ್ದನ್ನಾಗಲಿ, ತಾಮ್ರದ ಎಳೆಯನ್ನಾಗಲಿ ಹಾಕಬಾರದು. ಫ್ಯೂಸ್ ಕಾಯುವುದು ಕೇಬಲನ್ನು. ಆ ಕಾವಲು ತಪ್ಪಿದರೆ ಕೇಬಲ್ ಕಾದು ಕಾರಿಗೇ ಬೆಂಕಿ ಹೊತ್ತಿಕೊಳ್ಳಬಹುದು.